ಆರೂವರೆ ಸಾವಿರದ ಜಾವಾ

ಜುಲೈ ತಿಂಗಳ ಎರಡನೇ ಭಾನುವಾರ ನಮ್ಮಂಥವರಿಗೆ ಹಬ್ಬ. ಜಾವಾ, ಯೆಜ್ಡಿ ಇಟ್ಟುಕೊಂಡವರೆಲ್ಲ ಬೆಳಗ್ಗೆ ಎದ್ದು ಗಾಡಿ ಒರೆಸಿ, ಪೆಟ್ರೋಲಿಗೆ ಆಯಿಲ್ ಬೆರೆಸಿ, ಒಂದು ಕಡೆ ಸೇರ್ತೀವಿ. ಆ ಹೊಗೆಯಲ್ಲಿ ನಿಂತು ಕಾಫಿ ಕುಡಿಯೋದರಲ್ಲಿ ಏನು ಸುಖ ಅಂತ ಮನೆಯವರಿಗೆ ಇವತ್ತಿಗೂ ಅರ್ಥವಾಗಿಲ್ಲ. ಅಲ್ಲಿ ಪರಿಚಯವಿಲ್ಲದವರು ಕೂಡ ಎರಡು ಪ್ರಶ್ನೆ ಕೇಳ್ತಾರೆ. ಒಂದು, "ಯಾವ ಮಾಡೆಲ್ ಸಾರ್?" ಇನ್ನೊಂದು, "ಎಷ್ಟಕ್ಕೆ ಸಿಕ್ತು?"

ಎರಡನೇ ಪ್ರಶ್ನೆಗೆ ಉತ್ತರ ಎಷ್ಟು ಚಿಕ್ಕದೋ ಹೇಳಿದವನು ಅಷ್ಟು ದೊಡ್ಡ ಮನುಷ್ಯ. ಒಂದೂವರೆ ಲಕ್ಷ ಕೊಟ್ಟೆ ಅಂದವನನ್ನು ಪಾಪ ಅನ್ನೋ ಹಾಗೆ ನೋಡ್ತಾರೆ. ನಾನು "ಆರೂವರೆ ಸಾವಿರ" ಅಂತಿದ್ದೆ. ಸುತ್ತ ನಿಂತವರು "ಏನ್ರೀ!" ಅಂತಿದ್ದರು. ಐದು ವರ್ಷ ಈ ಕಥೆಯನ್ನು ಹೇಳಿಕೊಂಡು ತಿರುಗಿದ್ದೇನೆ. ಇವತ್ತು ಅದನ್ನು ಕೊನೆಯ ಸಲ, ಸ್ವಲ್ಪ ಬೇರೆ ಥರ ಹೇಳ್ತೀನಿ.

ಮೊದಲು ಈ ಹುಚ್ಚು ಎಲ್ಲಿಂದ ಬಂತು ಅಂತ. ನನ್ನ ಸೋದರಮಾವನ ಹತ್ತಿರ ಒಂದು ಜಾವಾ ಇತ್ತು. ಮೈಸೂರಿನ ಯಾದವಗಿರಿಯಲ್ಲಿ ತಯಾರಾದ ಗಾಡಿ. ಜೆಕೊಸ್ಲೊವಾಕಿಯಾದ ತಂತ್ರಜ್ಞಾನ ತಂದು ಅರವತ್ತರ ದಶಕದ ಶುರುವಿನಲ್ಲಿ ಅಲ್ಲಿ ಕಾರ್ಖಾನೆ ತೆರೆದರು. ಮುಂದೆ ಎಪ್ಪತ್ತರ ದಶಕದಲ್ಲಿ ಅದೇ ಗಾಡಿ ಯೆಜ್ಡಿ ಅಂತ ಹೆಸರು ಬದಲಿಸಿಕೊಂಡಿತು. ಒಂದೇ ಸಿಲಿಂಡರ್, ಆದರೆ ಎರಡು ಸೈಲೆನ್ಸರ್. ಸ್ಟಾರ್ಟ್ ಮಾಡೋಕೆ ಒದೆಯುವ ಕಿಕ್ಕರ್ರನ್ನೇ ಮುಂದಕ್ಕೆ ತಿರುಗಿಸಿದರೆ ಗೇರ್ ಲಿವರ್. ಇದು ಗೊತ್ತಿಲ್ಲದವರು ಗಾಡಿ ಹತ್ತಿ ಕಿಕ್ಕರ್ ಎಲ್ಲಿದೆ ಅಂತ ಬಗ್ಗಿ ಹುಡುಕುತ್ತಿದ್ದರೆ ಮಾವ ಜಗಲಿಯಲ್ಲಿ ಕೂತು ಮಜಾ ನೋಡುತ್ತಿದ್ದ. ಊರಾಚೆ ಸೇತುವೆ ದಾಟುವಾಗಲೇ ಅದರ ಸದ್ದು ಕೇಳಿ ಅಜ್ಜಿ ದೋಸೆ ಕಾವಲಿ ಇಡುತ್ತಿದ್ದಳು. ಮನೆ ಮುಂದೆ ಬಂದು ನಿಲ್ಲೋ ಹೊತ್ತಿಗೆ ಮೊದಲ ದೋಸೆ ರೆಡಿ. ಆ ಗಾಡಿಯನ್ನು ಮಾವ ಯಾವಾಗಲೋ ಮಾರಿಬಿಟ್ಟ. 1996ರಲ್ಲಿ ಕಾರ್ಖಾನೆಯೂ ಮುಚ್ಚಿತು. ನನಗೆ ಕೆಲಸ ಸಿಕ್ಕಿ ಕೈಯಲ್ಲಿ ನಾಲ್ಕು ಕಾಸು ಓಡಾಡೋಕೆ ಶುರುವಾದ ಮೇಲೆ ಆ ಸದ್ದನ್ನು ಹುಡುಕಿಕೊಂಡು ಹೊರಟೆ. ಭಾನುವಾರಗಳನ್ನೆಲ್ಲ ಹಳೇ ಗಾಡಿ ಮೆಕ್ಯಾನಿಕ್‌ಗಳ ಶೆಡ್ಡಿನಲ್ಲಿ ಕಳೆದು, ಕಾರ್ಬ್ಯುರೇಟರ್ ಬಿಚ್ಚೋದು, ಪಾಯಿಂಟ್ ಸೆಟ್ ಮಾಡೋದು ಕಲಿತೆ. ಯಾವ ವರ್ಷದ ಗಾಡಿಗೆ ಯಾವ ಟ್ಯಾಂಕು, ಯಾವ ಲೈಟು ಅಂತ ಬಾಯಿಪಾಠ ಮಾಡಿಕೊಂಡೆ.

2014ರಲ್ಲಿ ಒಂದು ಮದುವೆಗೆ ಅಂತ ಅರಸೀಕೆರೆ ಕಡೆ ಹೋಗಿದ್ದೆ. ಊಟ ಆದ ಮೇಲೆ ಸುಮ್ಮನೆ ಊರು ಸುತ್ತುತ್ತಿದ್ದಾಗ ಒಂದು ಮನೆಯ ಪಕ್ಕದ ಕೊಟ್ಟಿಗೆಯಲ್ಲಿ, ತೆಂಗಿನ ಮಟ್ಟೆಯ ರಾಶಿ ಹಿಂದೆ, ಒಂದು ಸೈಲೆನ್ಸರಿನ ತುದಿ ಕಾಣಿಸಿತು. ಅಷ್ಟು ಸಾಕಾಯ್ತು. ಬಾಗಿಲು ತಟ್ಟಿದೆ. ಎಪ್ಪತ್ತು ದಾಟಿದ ಒಬ್ಬರು ಅಮ್ಮ ಬಂದರು. ಗಂಡ ಮೇಷ್ಟ್ರಾಗಿದ್ದರಂತೆ, ತೀರಿಕೊಂಡು ಹತ್ತು ವರ್ಷ. ಗಾಡಿ ಅವರದು. 1968ರ ಮಾಡೆಲ್. ಧೂಳು ಒರೆಸಿದರೆ ಕೆಳಗೆ ಅಸಲಿ ಮರೂನ್ ಬಣ್ಣ. ಟ್ಯಾಂಕು, ಮಡ್‌ಗಾರ್ಡು, ಲೈಟು ಎಲ್ಲ ಕಾರ್ಖಾನೆಯಿಂದ ಬಂದದ್ದೇ. ಅವರು ಒಳಗೆ ಹೋದಾಗ ಕಿಕ್ಕರ್ರನ್ನು ಕೈಯಲ್ಲೇ ಮೆಲ್ಲಗೆ ಒತ್ತಿ ನೋಡಿದೆ. ಕಂಪ್ರೆಷನ್ ಇತ್ತು. ಎಂಜಿನ್ ಜಾಮ್ ಆಗಿರಲಿಲ್ಲ. ನನ್ನ ಎದೆಬಡಿತ ನನಗೇ ಕೇಳುತ್ತಿತ್ತು.

"ಗುಜರಿಯೋನು ಐದು ಸಾವ್ರ ಕೊಡ್ತೀನಿ ಅಂದವ್ನೆ ಕಣಪ್ಪ, ಸೋಮವಾರ ಬತ್ತೀನಿ ಅಂದ," ಅಂದರು. ನಮ್ಮ ಗುಂಪಿನಲ್ಲಿ ಅಂಥ ಗಾಡಿಗೆ, ಅದೇ ಸ್ಥಿತಿಯಲ್ಲಿ, ಅರವತ್ತು ಸಾವಿರವನ್ನು ಕಣ್ಣುಮುಚ್ಚಿ ಕೊಡೋರಿದ್ದರು. ಅದು ನನಗೆ ಗೊತ್ತಿತ್ತು.

"ಇದು ಓಡ್ತದಾ?" ಅಂತ ಕೇಳಿದರು. ನಾನು ತಲೆ ಕೆರೆದುಕೊಂಡು, "ಕಷ್ಟ ಅಮ್ಮ. ಹತ್ತು ವರ್ಷ ನಿಂತುಬಿಟ್ಟಿದೆ," ಅಂದೆ. ಆಮೇಲೆ, ಉಪಕಾರ ಮಾಡುವವನ ಹಾಗೆ, "ಆರೂವರೆ ಕೊಡ್ತೀನಿ," ಅಂದೆ.

ಅವರ ಮುಖ ಅರಳಿತು. ಗುಜರಿಯವನಿಗಿಂತ ಒಂದೂವರೆ ಸಾವಿರ ಜಾಸ್ತಿ! ಕಾಫಿ ಮಾಡಿಕೊಟ್ಟರು. ಪ್ಲಾಸ್ಟಿಕ್ ಕವರಿನಲ್ಲಿ ಸುತ್ತಿಟ್ಟಿದ್ದ ಆರ್‌ಸಿ ಪುಸ್ತಕ, ಇನ್ನೊಂದು ಕೀ ತಂದುಕೊಟ್ಟರು. ಕಾಗದಗಳನ್ನು ತಗೊಂಡು ಮುಂದಿನ ವಾರ ಹೋದಾಗ, "ಎಲ್ಲಿ ಹಾಕ್ಬೇಕು ತೋರ್ಸಪ್ಪ" ಅಂತ ಕೇಳಿ, ಓದದೇ ಒಂದೊಂದೇ ಅಕ್ಷರ ಜೋಡಿಸಿ ಸಹಿ ಮಾಡಿದರು. ಹೊರಡುವಾಗ ಎರಡು ತೆಂಗಿನಕಾಯಿ ಕೈಗಿಟ್ಟು, "ಒಳ್ಳೇ ಹುಡುಗ ಕಣಪ್ಪ ನೀನು," ಅಂದರು.

ಗೆಳೆಯರ ಮುಂದೆ ಈ ತೆಂಗಿನಕಾಯಿಯ ವಿಷಯವನ್ನು ನಗೋಕೆ ಅಂತಲೇ ಕೊನೆಗೆ ಹೇಳುತ್ತಿದ್ದೆ.

2019ರ ಜುಲೈ. ಅವತ್ತು ಹೆಂಡತಿಯೂ ಜೊತೆಗೆ ಬಂದಿದ್ದಳು. ಕಥೆ ಮುಗಿಸಿ, ಎಲ್ಲರೂ ನಕ್ಕಾದ ಮೇಲೆ, ವಾಪಸ್ ಬರುವಾಗ ಹಿಂದೆ ಕೂತಿದ್ದವಳು ಕೇಳಿದಳು: "ನಿಮ್ಮಜ್ಜಿ ಸೀರೆ ಕಥೇಲಿ ಸೀರೆಯವನನ್ನ ನೀವೆಲ್ಲ ಏನಂತ ಕರೀತೀರಿ?"

ಅದು ನಮ್ಮ ಮನೆಯಲ್ಲಿ ಎಲ್ಲರಿಗೂ ಗೊತ್ತಿರುವ ಕಥೆ. ಹಳೇ ರೇಷ್ಮೆ ಸೀರೆಗೆ ಪಾತ್ರೆ ಕೊಡ್ತೀವಿ ಅಂತ ಬೀದಿಯಲ್ಲಿ ಕೂಗಿಕೊಂಡು ಬರುತ್ತಿದ್ದರಲ್ಲ, ಅಂಥವನೊಬ್ಬನಿಗೆ ಅಜ್ಜಿ ತನ್ನ ಧಾರೆ ಸೀರೆ ಕೊಟ್ಟು ಎರಡು ಸ್ಟೀಲ್ ಡಬ್ಬಿ ತಗೊಂಡಿದ್ದಳು. ಹರಿದ ಸೀರೆ, ಯಾರು ಉಡ್ತಾರೆ ಅಂತ. ಅದರಲ್ಲಿದ್ದದ್ದು ಅಸಲಿ ಬೆಳ್ಳಿ ಜರಿ ಅಂತ ಅವಳಿಗೆ ಆಮೇಲೆ ಯಾರೋ ಹೇಳಿದರು. ಆ ಡಬ್ಬಿ ಇವತ್ತಿಗೂ ಅಡುಗೆಮನೆಯಲ್ಲಿದೆ. ಅದನ್ನು ತೆಗೆದಾಗಲೆಲ್ಲ ನಮ್ಮಮ್ಮ ಆ ಮನುಷ್ಯನನ್ನು ನೆನೆಸಿಕೊಳ್ತಾಳೆ. ಕಳ್ಳ ಅಂತಾನೇ ಕರೀತಾಳೆ.

ಅವನೂ ಸುಳ್ಳು ಹೇಳಿರಲಿಲ್ಲ. ಅವನು ಸುಮ್ಮನಿದ್ದ, ಅಷ್ಟೇ.

ಒಂದು ವಾರ ನನ್ನ ಪರ ನಾನೇ ವಕಾಲತ್ತು ಮಾಡಿಕೊಂಡೆ. ಮೊದಲ ವಾದ: ನಾನು ಹೋಗದಿದ್ದರೆ ಸೋಮವಾರ ಗುಜರಿಯವನು ಬಂದು ಗಾಡಿಯನ್ನು ಕೊಚ್ಚಿ ಹಾಕುತ್ತಿದ್ದ. ನಾನು ಉಳಿಸಿದೆ. ನಿಜವೇ. ಆದರೆ ಗಾಡಿಯನ್ನು ಉಳಿಸಿದ್ದಕ್ಕೆ ಕೂಲಿಯನ್ನು ಆಯಮ್ಮ ಯಾಕೆ ಕೊಡಬೇಕು?

ಎರಡನೆಯದು ಸ್ವಲ್ಪ ಗಟ್ಟಿ. ನನ್ನ ತಿಳಿವಳಿಕೆ ಪುಕ್ಕಟೆ ಬಂದದ್ದಲ್ಲ. ವರ್ಷಗಟ್ಟಲೆ ಭಾನುವಾರಗಳನ್ನು ಗ್ರೀಸಿನಲ್ಲಿ ಕಳೆದು ಸಂಪಾದಿಸಿದ್ದು. ಅದರ ಲಾಭ ನನಗೆ ಬಂದರೆ ತಪ್ಪೇನು? ಡಾಕ್ಟರು ಓದಿದ್ದಕ್ಕೆ ಫೀಸು ತಗೊಳ್ಳಲ್ವಾ? ಆದರೆ ಡಾಕ್ಟರು ತನ್ನ ತಿಳಿವಳಿಕೆಯನ್ನು ರೋಗಿಗೆ ಕೊಟ್ಟು ಫೀಸು ತಗೊಳ್ತಾರೆ. ನಾನು ಅದನ್ನು ಬಚ್ಚಿಟ್ಟು ದುಡ್ಡು ಮಾಡಿದೆ. ಗಾಡಿ ರಿಪೇರಿ ಮಾಡಿದ ಕೆಲಸಕ್ಕೆ, ಅದಕ್ಕೆ ಸುರಿದ ದುಡ್ಡಿಗೆ ಲಾಭ ಬರಲಿ, ಅದು ಸರಿ. ಆದರೆ ಮಟ್ಟೆ ರಾಶಿಯ ಹಿಂದೆ ನಿಂತಿದ್ದಾಗಲೇ ಅದಕ್ಕೆ ಅರವತ್ತು ಸಾವಿರ ಬೆಲೆಯಿತ್ತಲ್ಲ, ಅದು ನಾನು ಮಾಡಿದ್ದಲ್ಲ. ಅದು ಅವರದು, ಅವರಿಗೆ ಗೊತ್ತಿರಲಿಲ್ಲ ಅಷ್ಟೇ.

ಮೂರನೆಯದು ಕಾನೂನು. 1872ರ ಭಾರತೀಯ ಕರಾರು ಕಾಯ್ದೆಯ 17ನೇ ಸೆಕ್ಷನ್ ತೆಗೆದು ನೋಡಿದೆ. ಬರೀ ಮೌನವಾಗಿರೋದು ಸಾಮಾನ್ಯವಾಗಿ ಮೋಸ ಆಗಲ್ಲ ಅಂತಲೇ ಇದೆ. ಉದಾಹರಣೆಗೆ ಕೊಟ್ಟಿರೋದು ಆ ಕಾಲದ ವಾಹನ, ಕುದುರೆ. ಕುದುರೆಗೆ ಐಬಿದೆ ಅಂತ ಗೊತ್ತಿದ್ದೂ ಒಬ್ಬ ಏನೂ ಹೇಳದೆ ಹರಾಜಿನಲ್ಲಿ ಮಾರುತ್ತಾನೆ, ಅದು ಮೋಸವಲ್ಲ. ಇಲ್ಲಿಗೇ ನಿಲ್ಲಿಸಿದ್ದರೆ ನಾನು ಗೆದ್ದಿದ್ದೆ. ಆದರೆ ಅದರ ಮುಂದಿನ ಉದಾಹರಣೆಯಲ್ಲಿ ಕುದುರೆ ಕೊಳ್ಳುವವಳು ಆಗ ತಾನೇ ಪ್ರಾಯಕ್ಕೆ ಬಂದ ಅವನ ಮಗಳು. ಆಗ ಸಂಬಂಧದ ಕಾರಣಕ್ಕೇ ಅವನು ಹೇಳಬೇಕಾಗುತ್ತೆ ಅನ್ನುತ್ತೆ ಕಾನೂನು. ಅಂದರೆ ಮೌನಕ್ಕೆ ತನ್ನದೇ ಬಣ್ಣವಿಲ್ಲ. ಎದುರಿಗಿರುವವರು ನಿನಗೆ ಏನಾಗಬೇಕು ಅನ್ನೋದರ ಮೇಲೆ ಅದು ಬದಲಾಗುತ್ತೆ.

ಆ ಅಮ್ಮ ನನಗೆ ಏನೂ ಆಗಬೇಕಿರಲಿಲ್ಲ. ಆದರೆ ಅವರು "ಓಡ್ತದಾ?" ಅಂತ ಕೇಳಿದ್ದು ವ್ಯಾಪಾರಿಯನ್ನಲ್ಲ. ಗಾಡಿ ಬಗ್ಗೆ ತಿಳಿದಿರೋ ಹುಡುಗನನ್ನ. ಆ ಪ್ರಶ್ನೆ ಕೇಳಿದ ಕ್ಷಣದಲ್ಲಿ ಅವರು ನನ್ನನ್ನು ನಂಬಿಬಿಟ್ಟಿದ್ದರು. ಮತ್ತೆ ಅಲ್ಲಿ ನಾನು ಮೌನವಾಗಿಯೂ ಇರಲಿಲ್ಲ, "ಕಷ್ಟ ಅಮ್ಮ" ಅಂದಿದ್ದೆ. ಕೈಗೆ ಕಂಪ್ರೆಷನ್ ಸಿಕ್ಕಿದ ಮೇಲೆ.

ಈ ತಕರಾರು ಹೊಸದೇನಲ್ಲ. ಎರಡು ಸಾವಿರ ವರ್ಷದ ಹಿಂದೆ ರೋಮಿನ ಸಿಸೆರೊ ತನ್ನ ಮಗನಿಗೆ ಕರ್ತವ್ಯಗಳ ಬಗ್ಗೆ ಒಂದು ಪುಸ್ತಕ ಬರೆದ. ಅದರಲ್ಲಿ ಒಂದು ಸಮಸ್ಯೆ ಇದೆ. ಕ್ಷಾಮ ಬಿದ್ದ ರೋಡ್ಸ್ ದ್ವೀಪಕ್ಕೆ ಒಬ್ಬ ವ್ಯಾಪಾರಿ ಹಡಗಿನಲ್ಲಿ ಧಾನ್ಯ ತರುತ್ತಾನೆ. ಹಿಂದೆ ಇನ್ನೂ ಎಷ್ಟೋ ಹಡಗು ಬರುತ್ತಿವೆ ಅಂತ ಅವನಿಗೆ ಗೊತ್ತು. ಜನರಿಗೆ ಗೊತ್ತಿಲ್ಲ. ಹೇಳಬೇಕಾ, ಬಾಯಿ ಮುಚ್ಚಿಕೊಂಡು ಒಳ್ಳೇ ರೇಟಿಗೆ ಮಾರಬೇಕಾ? ಇಬ್ಬರು ತತ್ವಜ್ಞಾನಿಗಳು ಈ ಬಗ್ಗೆ ಜಗಳವಾಡ್ತಾರೆ. ಹೇಳದಿರೋದು ಬೇರೆ, ಮುಚ್ಚಿಡೋದು ಬೇರೆ ಅಂತ ಒಬ್ಬ. ಮನುಷ್ಯ ಮನುಷ್ಯನಿಗೆ ಆಗಬೇಕು, ಹಾಗಾಗಿ ಎಲ್ಲವನ್ನೂ ಹೇಳಲೇಬೇಕು ಅಂತ ಇನ್ನೊಬ್ಬ. ಸಿಸೆರೊ ಎರಡನೆಯವನ ಕಡೆ. ಮುಂದೆ ಅವನು ಸ್ಕೀವೊಲಾ ಅನ್ನೋನ ಸುದ್ದಿ ಹೇಳ್ತಾನೆ. ಈ ಪುಣ್ಯಾತ್ಮ ಒಂದು ಜಮೀನು ಕೊಳ್ಳೋಕೆ ಹೋಗಿ ರೇಟು ಕೇಳಿದ. ಮಾರುವವನು ಹೇಳಿದ. ಇವನು, ಇಲ್ಲ, ಇದಕ್ಕೆ ಇನ್ನೂ ಜಾಸ್ತಿ ಬೆಲೆಯಿದೆ ಅಂತ ಹೇಳಿ ಒಂದು ಲಕ್ಷ ನಾಣ್ಯ ಸೇರಿಸಿ ಕೊಟ್ಟ! ಇದು ಒಳ್ಳೆಯವನ ಕೆಲಸ ಅಂತ ಎಲ್ಲರೂ ಒಪ್ತಾರೆ, ಜಾಣನ ಕೆಲಸ ಅಂತ ಮಾತ್ರ ಒಪ್ಪಲ್ಲ ಅನ್ನೋದು ಸಿಸೆರೊನ ಗೊಣಗಾಟ. ಒಳ್ಳೆಯವನಾಗೋದು ಮತ್ತು ಜಾಣನಾಗೋದು ಬೇರೆಬೇರೆ ಅಂತ ನಾವು ಯಾವಾಗ ಒಪ್ಪಿಕೊಂಡೆವೋ ಅಲ್ಲೇ ಎಲ್ಲ ಕೆಟ್ಟಿತು ಅಂತ ಅವನ ಲೆಕ್ಕ.

ಇದು ಬರೀ ಹಳೇ ಗಾಡಿಯವರ ರೋಗ ಅಂದ್ಕೋಬೇಡಿ. ಇಂಟರ್‌ವ್ಯೂನಲ್ಲಿ "ನಿಮ್ಮ ಈಗಿನ ಸಂಬಳ ಎಷ್ಟು?" ಅಂತ ಕೇಳ್ತಾರಲ್ಲ, ಆ ಹುದ್ದೆಗೆ ಎಷ್ಟು ಕೊಡಬಹುದು ಅಂತ ಕೇಳುವವರಿಗೆ ಗೊತ್ತಿರುತ್ತೆ. ನಮಗೆ ಗೊತ್ತಿರಲ್ಲ. ಆಗ ನಾವು ಬೈತೀವಿ. ಅದೇ ನಾವು ಮೇಜಿನ ಆಚೆ ಕಡೆ ಕೂತು, ಸಣ್ಣ ಊರಿಂದ ಬಂದ ಹುಡುಗಿಯೊಬ್ಬಳು ಕಡಿಮೆ ಕೇಳಿದಾಗ "ಬಜೆಟ್ ಉಳಿಸಿದೆ" ಅಂತ ಮ್ಯಾನೇಜರಿಗೆ ಮೆಸೇಜ್ ಹಾಕ್ತೀವಿ. ನಾನೂ ಹಾಕಿದ್ದೇನೆ. ಇನ್ನೊಬ್ಬರಿಗೆ ಗೊತ್ತಿದ್ದು ನಮಗೆ ಗೊತ್ತಿಲ್ಲದಿದ್ದರೆ ಮೋಸ, ನಮಗೆ ಗೊತ್ತಿದ್ದು ಇನ್ನೊಬ್ಬರಿಗೆ ಗೊತ್ತಿಲ್ಲದಿದ್ದರೆ ಒಳ್ಳೇ ಡೀಲ್.

ಹಾಗಂತ ಪ್ರತಿಯೊಂದು ವ್ಯಾಪಾರದಲ್ಲೂ ಗೊತ್ತಿದ್ದನ್ನೆಲ್ಲ ಒದರಬೇಕು ಅಂತ ನಾನು ಹೇಳಲ್ಲ. ಹಳೇ ಗಾಡಿ ಡೀಲರ್ ಹತ್ತಿರ ನಾನು ಇವತ್ತಿಗೂ ಚೌಕಾಸಿ ಮಾಡ್ತೀನಿ. ಅವನಿಗೂ ಗೊತ್ತು, ನನಗೂ ಗೊತ್ತು, ಇಬ್ಬರೂ ಆಟಕ್ಕೆ ಇಳಿದವರು. ಆಟ ನಡೀತಿದೆ ಅಂತಲೇ ಗೊತ್ತಿಲ್ಲದವರ ಜೊತೆ ಆಡಿ ಗೆಲ್ಲೋದು ಗೆಲುವಲ್ಲ. ನನಗೆ ಹೊಳೆದ ಪರೀಕ್ಷೆ ಸರಳ: ಈ ಕಥೆಯನ್ನು ಆ ಅಮ್ಮನ ಮುಂದೆ, ಅದೇ ನಗುವಿನ ಜೊತೆ, ತೆಂಗಿನಕಾಯಿ ಸಮೇತ ಹೇಳೋಕಾಗುತ್ತಾ? ಆಗಲ್ಲ. ಅಲ್ಲಿಗೆ ತೀರ್ಮಾನ ಆಯ್ತು.

ಆಗಸ್ಟಿನಲ್ಲಿ ಆ ಊರಿಗೆ ಹೋದೆ. ಮನೆಗೆ ಬೀಗ. ಎದುರು ಅಂಗಡಿಯವರು ಹೇಳಿದರು, ತುಮಕೂರಿನಲ್ಲಿ ಮಗಳ ಮನೆಯಲ್ಲಿದ್ದಾರೆ ಅಂತ. ನಂಬರು ಕೊಟ್ಟರು. ರಸ್ತೆ ಬದಿಯಲ್ಲೇ ನಿಂತು ಫೋನ್ ಮಾಡಿದೆ. ಏನು ಹೇಳಬೇಕು ಅಂತ ದಾರಿಯುದ್ದಕ್ಕೂ ಅಂದುಕೊಂಡಿದ್ದೆಲ್ಲ ಮರೆತುಹೋಯ್ತು. "ಅಮ್ಮ, ಆ ಗಾಡಿಗೆ ಜಾಸ್ತಿ ಬೆಲೆ ಇತ್ತು. ನನಗೆ ಅವತ್ತೇ ಗೊತ್ತಿತ್ತು. ನಾನು ಹೇಳಲಿಲ್ಲ. ಉಳಿದದ್ದನ್ನ ಈಗ ಕೊಡ್ತೀನಿ," ಅಂದೆ.

ಸ್ವಲ್ಪ ಹೊತ್ತು ಆ ಕಡೆಯಿಂದ ಏನೂ ಇಲ್ಲ. ಆಮೇಲೆ, "ಎಷ್ಟು?" ಅಂತ ಕೇಳಿದರು.

"ಐವತ್ತಮೂರೂವರೆ ಸಾವಿರ."

"ಆ ವರ್ಸ ಮೊಮ್ಮಗಳ ಕಾಲೇಜಿಗೆ ಕಟ್ಟಕ್ಕೆ ಅಂತ ಗಾಡಿ ಮಾರಿದ್ದು ಕಣಪ್ಪ. ಸಾಲ್ದೇ ಬಂತು. ಬಳೆ ಅಡ ಇಟ್ಟೆ. ಬಿಡಿಸ್ಕಳಕ್ಕೆ ಆಗ್ಲಿಲ್ಲ," ಅಂದರು. ಬೈಯಲಿಲ್ಲ, ಅಳಲಿಲ್ಲ. ಅಕ್ಕಿ ರೇಟು ಹೇಳುವ ದನಿಯಲ್ಲೇ ಹೇಳಿದರು. "ಈಗ ಕೊಡ್ತೀಯಾ, ಕೊಡು. ಆವತ್ತು ಬೇಕಿತ್ತು."

ದುಡ್ಡು ಕಳಿಸಿದೆ. ಮಗಳ ಖಾತೆಗೆ ಹೋಯಿತು. ಬಂತು ಅಂತ ಮೆಸೇಜ್ ಬಂತು, ಅಷ್ಟೇ. ಥ್ಯಾಂಕ್ಸ್ ಇರಲಿಲ್ಲ. ಇರಬೇಕಾಗಿಯೂ ಇರಲಿಲ್ಲ.

ತಪ್ಪು ಮಾಡಿದರೆ ಆಮೇಲೆ ಸರಿಮಾಡಬಹುದು ಅಂತ ನಾನು ನಂಬಿದ್ದೆ. ಸಾಲ ತೀರಿಸಿದ ಹಾಗೆ. ಆದರೆ ದುಡ್ಡಿಗೂ ಒಂದು ಹೊತ್ತು ಅಂತ ಇರುತ್ತೆ. 2014ರ ಐವತ್ತು ಸಾವಿರ ಎರಡು ಬಳೆಗಳನ್ನು ಉಳಿಸುತ್ತಿತ್ತು. 2019ರ ಐವತ್ತು ಸಾವಿರ ಬರೀ ಐವತ್ತು ಸಾವಿರ. ನಾನು ಆ ಮನೆಯಿಂದ ತಗೊಂಡು ಬಂದದ್ದು ಮೊದಲನೆಯದನ್ನ, ವಾಪಸ್ ಕೊಟ್ಟದ್ದು ಎರಡನೆಯದನ್ನ.

ಗಾಡಿ ಈಗಲೂ ನನ್ನ ಹತ್ತಿರವೇ ಇದೆ. ಮಾರಬೇಕು ಅನ್ನಿಸಿತ್ತು. ಮಾರಿದರೆ ಏನು ಬಂತು? ಭಾನುವಾರ ಬೆಳಗ್ಗೆ ಒಂದು ಸುತ್ತು ಹೋಗ್ತೀನಿ. ಸದ್ದು ಅದೇ, ಮಾವನ ಗಾಡಿಯದೇ. ಜುಲೈ ಭಾನುವಾರ ಯಾರಾದರೂ ಹೊಸ ಹುಡುಗರು ಬಂದು "ಎಷ್ಟಕ್ಕೆ ಸಿಕ್ತು ಸಾರ್?" ಅಂದರೆ "ಅರವತ್ತು ಸಾವಿರ" ಅಂತೀನಿ. ಯಾರೂ "ಏನ್ರೀ!" ಅನ್ನಲ್ಲ. ಪಕ್ಕದ ಗಾಡಿ ಕಡೆ ತಿರುಗಿಕೊಳ್ತಾರೆ.