ಹೇಳದ ಪೂರ್ವಾಶ್ರಮ
2025ರ ‘ಬ್ಯಾಕ್ ಇನ್ ಆಕ್ಷನ್’ ಚಿತ್ರದಲ್ಲಿ ಕ್ಯಾಮರಾನ್ ಡಿಯಾಜ್, ಜೇಮಿ ಫಾಕ್ಸ್ ನಿವೃತ್ತ ಗೂಢಚಾರ ದಂಪತಿ. 15 ವರ್ಷ ತಮ್ಮ ಹಳೆಯ ಕಸುಬನ್ನು ಮಕ್ಕಳಿಂದ ಮುಚ್ಚಿಟ್ಟವರು. ಗುಟ್ಟು ರಟ್ಟಾದ ಮೇಲಿನ ಮಕ್ಕಳ ಮುನಿಸನ್ನು ಕೊನೆಗೆ ‘ಅಪ್ಪ ಅಮ್ಮ ಇಷ್ಟು ಗಟ್ಟಿಗರೇ!’ ಎಂಬ ಬೆರಗೇ ನುಂಗಿಬಿಡುತ್ತದೆ. (ಐವತ್ತು ದಾಟಿದವರ ಹೊಡೆದಾಟ ನೋಡಿ ನಾನೂ ನಕ್ಕೆ.) ಆದರೆ ಬಚ್ಚಿಟ್ಟದ್ದು ಸಾಹಸವಲ್ಲ, ಸೋಲಾಗಿದ್ದರೆ?

ಮುಂಬೈಗೆ ಬಂದ ಮೊದಲ ವರ್ಷವೇ ಕೆಲಸ ಹೋಯಿತು. ನಾಲ್ಕು ತಿಂಗಳು ದಿನಾ ರಾತ್ರಿ ಊರಿಗೆ ಫೋನ್ ಮಾಡಿ ‘ಈಗಷ್ಟೇ ಆಫೀಸಿನಿಂದ ಬಂದೆ’ ಎನ್ನುತ್ತಿದ್ದೆ. ಅಮ್ಮ ನೊಂದುಕೊಳ್ಳಬಾರದು ಎಂದು ಹಾಗೆ ಹೇಳಿದ್ದು ನಿಜ. ನನ್ನ ಮರ್ಯಾದೆ ಉಳಿಯಲಿ ಎಂಬುದೂ ಅಷ್ಟೇ ನಿಜ. ಯಾವುದು ಎಷ್ಟು ಎಂದು ಇವತ್ತಿಗೂ ಬಿಡಿಸಿ ಹೇಳಲಾರೆ.

ಸಿನಿಮಾ ಮುಗಿದ ಮೇಲೆ ಮಗಳಿಗೆ ಇದನ್ನೆಲ್ಲ ಹೇಳಿದೆ. ‘ಅಜ್ಜಿಗೆ ಗೊತ್ತಾ ಅಪ್ಪಾ?’ ಎಂದಳು. ಅಮ್ಮನಿಗೀಗ 78. ಇನ್ನೂ ಹೇಳಿಲ್ಲ.