24ನೇ ಗಂಟೆಯ ಲೆಕ್ಕ

2016ರ ಜೂನ್‌ನಲ್ಲಿ ಫ್ರಾನ್ಸಿನ ಲೆ ಮಾನ್ಸ್‌ನ 24 ಗಂಟೆಗಳ ರೇಸ್ ಮುಗಿಯಲು ಕೆಲವೇ ನಿಮಿಷ ಬಾಕಿಯಿತ್ತು. ಎಲ್ಲರಿಗಿಂತ ಮುಂದಿದ್ದ ಟೊಯೋಟಾದ ಚಾಲಕ ಕಜುಕಿ ನಕಾಜಿಮಾ ಕಾರು ಎಳೆಯುತ್ತಿಲ್ಲವೆಂದು ರೇಡಿಯೋದಲ್ಲಿ ತಂಡಕ್ಕೆ ತಿಳಿಸಿದರು. ಕುಂಟುತ್ತ ಬಂದ ಕಾರು ಸ್ಟಾರ್ಟ್ ಗೆರೆಯ ಹತ್ತಿರ ನಿಂತೇಬಿಟ್ಟಿತು, ಹಿಂದಿದ್ದ ಪೋರ್ಷೆ ಅದನ್ನು ದಾಟಿ ಹೋಗಿ ಗೆದ್ದಿತು. ನಕಾಜಿಮಾ ಹೇಗೋ ಕೊನೆಯ ಸುತ್ತನ್ನು ಮುಗಿಸಿದರು. ಆದರೆ ನಿಯಮ ಕೊಟ್ಟ ಆರು ನಿಮಿಷ ಮೀರಿತ್ತಾದ್ದರಿಂದ ಫಲಿತಾಂಶದ ಪಟ್ಟಿಯಲ್ಲಿ ಆ ಕಾರಿನ ಹೆಸರೂ ಸೇರಲಿಲ್ಲ. ಟರ್ಬೋದಿಂದ ಇಂಟರ್‌ಕೂಲರಿಗೆ ಗಾಳಿ ಒಯ್ಯುವ ಕೊಳವೆಯ ಒಂದು ಜೋಡಣೆ ಕೈಕೊಟ್ಟಿತ್ತೆಂದು ಕಂಪನಿ ಆಮೇಲೆ ಹೇಳಿತು. ಇಂಥ ಸೋಲನ್ನು ಕ್ರೂರವೆನ್ನಬಹುದು. ಆದರೆ ಕಾರು ಕೊಳ್ಳುವವರು ಶೋರೂಮಿನಲ್ಲಿ ನಿಂತು ತಮ್ಮೊಳಗೇ ಕೇಳಿಕೊಳ್ಳುವ ಪ್ರಶ್ನೆಯೂ ಇಷ್ಟೇ ನಿಷ್ಠುರ: ಇದು ನಡುದಾರಿಯಲ್ಲಿ ನಿಲ್ಲುತ್ತದೆಯೇ? ಕಾರು ತಯಾರಕರು ರೇಸಿಗೆ ದುಡ್ಡು ಸುರಿಯುವುದಾದರೆ ಈ ಪ್ರಶ್ನೆಗೆ ಎಲ್ಲರೆದುರು ಉತ್ತರ ಕೊಡಬೇಕಾದ ಕಡೆ ಸುರಿಯಲಿ, ಫಾರ್ಮುಲಾ ಒನ್‌ನ ಸರದಿ ಅದರ ನಂತರ ಬರಲಿ ಎಂಬುದು ನನ್ನ ವಾದ.

ದೂರದ ಲೆಕ್ಕವನ್ನೇ ನೋಡಿ. ಆ ವರ್ಷದ ಪೋರ್ಷೆ ಹಾಕಿದ್ದು 384 ಸುತ್ತು, ಅಂದರೆ 5,200 ಕಿ.ಮೀ.ಗೂ ಹೆಚ್ಚು. ಫಾರ್ಮುಲಾ ಒನ್‌ನ ಒಂದು ರೇಸ್ ಸುಮಾರು 305 ಕಿ.ಮೀ. ಅಂಥ ಹದಿನೇಳು ರೇಸುಗಳ ದೂರವನ್ನು ಇಲ್ಲಿ ಒಂದೇ ಕಾರು, ಒಂದೇ ಎಂಜಿನ್, ಚಾಲಕರು ಬದಲಾಗುತ್ತ, ಒಂದು ಹಗಲು ಒಂದು ರಾತ್ರಿಯಲ್ಲಿ ಮುಗಿಸುತ್ತದೆ. ಅದೂ ಸರ್ಕೀಟಿನ ದೊಡ್ಡ ಭಾಗ ಊರವರು ದಿನಾ ಓಡಾಡುವ ಸಾರ್ವಜನಿಕ ರಸ್ತೆ. ಅದರಲ್ಲಿ ಬರುವ ಉದ್ದನೆಯ ನೇರ ರಸ್ತೆಯ ಕೊನೆಗೆ ಪ್ರತಿ ಸುತ್ತಿನಲ್ಲೂ ಜೋರಾಗಿ ಬ್ರೇಕ್ ಒತ್ತಲೇಬೇಕು. ಗಂಟೆಗಳು ಕಳೆದಂತೆ ಡ್ರಮ್ ಬ್ರೇಕುಗಳು ಕಾದು ಹಿಡಿತ ಕಳೆದುಕೊಳ್ಳುತ್ತಿದ್ದ ಕಾಲದಲ್ಲಿ, 1953ರಲ್ಲಿ, ಜಾಗ್ವಾರ್ ಡನ್ಲಪ್‌ನ ಡಿಸ್ಕ್ ಬ್ರೇಕ್ ಹಾಕಿಕೊಂಡು ಬಂದು ಗೆದ್ದಿತು. ಕೆಲವೇ ವರ್ಷಗಳಲ್ಲಿ ಅದೇ ಬ್ರೇಕು ಅದರ ರಸ್ತೆ ಕಾರಿಗೂ ಬಂತು. 2015ರಿಂದ ಮೂರು ವರ್ಷ ಸತತವಾಗಿ ಗೆದ್ದ ಪೋರ್ಷೆ 919ರ 800 ವೋಲ್ಟ್ ವ್ಯವಸ್ಥೆ 2019ರಲ್ಲಿ ಟೈಕನ್ ಎಂಬ ಬ್ಯಾಟರಿ ಕಾರಿನಲ್ಲಿ ಮಾರುಕಟ್ಟೆಗೆ ಇಳಿಯಿತು.

ಹಾಗೆಂದು ತಂತ್ರಜ್ಞಾನ ರೇಸಿನಿಂದ ರಸ್ತೆಗೆ ಇಳಿಯುತ್ತದೆ ಎಂಬ ಮಾತಿನ ಮೇಲೇ ಇಡೀ ಭಾರ ಹಾಕಿದರೆ ನನ್ನ ವಾದ ನಿಲ್ಲುವುದಿಲ್ಲ. ಫಾರ್ಮುಲಾ ಒನ್ ಕೂಡ ಇಲ್ಲಿ ಬರಿಗೈ ಅಲ್ಲ. 2017ರಲ್ಲಿ ಮರ್ಸಿಡಿಸ್‌ನ ಎಂಜಿನ್ ಪರೀಕ್ಷಾ ಬೆಂಚಿನ ಮೇಲೆ ಶೇ 50ಕ್ಕಿಂತ ಹೆಚ್ಚು ಉಷ್ಣ ದಕ್ಷತೆ ತೋರಿಸಿತು. ಅದೊಂದು ಅಪ್ಪಟ ಸಾಧನೆ. ಟರ್ಬೋಗೆ ವಿದ್ಯುತ್ ಮೋಟಾರು ಜೋಡಿಸುವ ಉಪಾಯವೂ ಅಲ್ಲಿಂದ ಆ ಕಂಪನಿಯ ರಸ್ತೆ ಕಾರುಗಳಿಗೆ ಬಂತು. ಇನ್ನೊಂದು ಮುಜುಗರವೂ ಇದೆ. 2006ರಲ್ಲಿ ಔಡಿ ಡೀಸೆಲ್ ಕಾರಿನಲ್ಲಿ ಲೆ ಮಾನ್ಸ್ ಗೆದ್ದು ಡೀಸೆಲ್‌ಗೆ ಕೀರ್ತಿ ತಂದಿತು. 2015ರಲ್ಲಿ ಔಡಿಯೂ ಸೇರಿದ ಫೋಕ್ಸ್‌ವ್ಯಾಗನ್ ಸಮೂಹ ಡೀಸೆಲ್ ಹೊಗೆಯ ಪರೀಕ್ಷೆಯಲ್ಲಿ ಮಾಡಿದ ಮೋಸ ಬಯಲಾಯಿತು. 24 ಗಂಟೆಗಳ ಓಟ ಬಾಳಿಕೆಯನ್ನು ಅಳೆದಿತ್ತು, ಹೊಗೆಯನ್ನು ಯಾರೂ ಅಳೆದಿರಲಿಲ್ಲ. ಯಾವ ರೇಸೂ ತಾನು ಅಳೆಯದ ಗುಣಕ್ಕೆ ಸಾಕ್ಷಿ ಹೇಳಲಾರದು. ಆದ್ದರಿಂದ ಕೇಳಬೇಕಾದದ್ದು, ಯಾವ ರೇಸ್ ಏನನ್ನು ಅಳೆಯುತ್ತದೆ ಮತ್ತು ಅದರ ಶ್ರೇಯಸ್ಸು ಯಾರ ಖಾತೆಗೆ ಜಮೆಯಾಗುತ್ತದೆ ಎಂದು.

ಫಾರ್ಮುಲಾ ಒನ್‌ನಲ್ಲಿ ಈ ಖಾತೆಯೇ ಗೋಜಲು. ಟೊಯೋಟಾ 2002ರಿಂದ 2009ರವರೆಗೆ ಎಂಟು ಋತು ಅಪಾರ ಹಣ ಚೆಲ್ಲಿ ಒಂದೇ ಒಂದು ರೇಸನ್ನೂ ಗೆಲ್ಲದೆ ಹೊರಬಂತು. ಹೋಂಡಾ ಪಾಡು ಇನ್ನೂ ವಿಚಿತ್ರ. 2008ರ ಡಿಸೆಂಬರಿನಲ್ಲಿ ಅದು ಕೈಬಿಟ್ಟ ತಂಡವನ್ನು ಅದರ ಮುಖ್ಯಸ್ಥ ರಾಸ್ ಬ್ರಾನ್ ನಾಮಮಾತ್ರದ ಬೆಲೆಗೆ ಪಡೆದರು. ಹೋಂಡಾ ದುಡ್ಡಿನಲ್ಲಿ ರೂಪುಗೊಂಡ ಆ ಕಾರು ಮರ್ಸಿಡಿಸ್ ಎಂಜಿನ್ ಹೊತ್ತು ಮರುವರ್ಷವೇ ಚಾಂಪಿಯನ್ ಆಯಿತು. ಆಲ್ಫಾ ರೋಮಿಯೋ ಕೆಲವು ವರ್ಷ ಸೌಬರ್ ತಂಡಕ್ಕೆ ಹೆಸರು ಕೊಟ್ಟ ಪ್ರಾಯೋಜಕ ಮಾತ್ರವಾಗಿತ್ತು. ರೆನೋ ತನ್ನ ಎಂಜಿನ್ ತಯಾರಿಕೆಯನ್ನೇ ನಿಲ್ಲಿಸಿದ ಮೇಲೆ ಅದರ ಆಲ್ಪೀನ್ ತಂಡ 2026ರಿಂದ ಓಡುವುದು ಮರ್ಸಿಡಿಸ್ ಎಂಜಿನ್ನಿನ ಮೇಲೆ. ಬಾನೆಟ್ಟಿನ ಮೇಲೆ ಒಬ್ಬರ ಹೆಸರು, ಒಳಗೆ ಇನ್ನೊಬ್ಬರ ಯಂತ್ರ. ಗೆದ್ದರೆ ಚಾಲಕನ ಹೆಸರು ಎಲ್ಲರ ಬಾಯಲ್ಲಿ, ಸೋತರೆ ಕಂಪನಿಯ ಹೆಸರು.

ಎದುರು ವಾದಗಳಲ್ಲಿ ಸುಲಭವಾದದ್ದು ಪ್ರೇಕ್ಷಕರ ಸಂಖ್ಯೆಯದು. ಫಾರ್ಮುಲಾ ಒನ್ ನೋಡುವವರು ಹೆಚ್ಚು, ನಿಜ. ಬರೀ ಹೆಸರು ಕಾಣಿಸುವುದೇ ಗುರಿಯಾದರೆ ಕಾರು ಕಟ್ಟುವ ಗೊಡವೆಯೇಕೆ, ಜಾಹೀರಾತಿಗೆ ಜಾಗ ಕೊಂಡರೆ ಸಾಲದೇ? ಕಷ್ಟದ ಆಕ್ಷೇಪ ಬೇರೆಯಿದೆ. ಲೆ ಮಾನ್ಸ್‌ನ ಇಂದಿನ ಮುಂಚೂಣಿ ವರ್ಗವಾದ ಹೈಪರ್‌ಕಾರ್‌ನಲ್ಲಿ ‘ಬ್ಯಾಲೆನ್ಸ್ ಆಫ್ ಪರ್ಫಾರ್ಮೆನ್ಸ್’ ಎಂಬ ನಿಯಮದಡಿ ಸಂಘಟಕರು ಒಬ್ಬರ ಕಾರಿನ ತೂಕ ಏರಿಸುತ್ತಾರೆ, ಇನ್ನೊಬ್ಬರ ಶಕ್ತಿ ಇಳಿಸುತ್ತಾರೆ. ಹಲವು ಕಾರುಗಳ ಹೈಬ್ರಿಡ್ ಮೋಟಾರು ಬಾಷ್ ಕಂಪನಿಯಿಂದ ಬಂದ ಒಂದೇ ಮಾದರಿಯದು. ಹೀಗೆ ತಕ್ಕಡಿ ಸರಿದೂಗಿಸಿ ಕೊಟ್ಟ ಗೆಲುವಿಗೆ ಏನು ಬೆಲೆ ಎಂದು ಕೇಳುವವರನ್ನು ನಾನು ತಳ್ಳಿಹಾಕಲಾರೆ. ಈ ನಿಯಮ ನನಗೂ ಇಷ್ಟವಿಲ್ಲ. ಆದರೆ ಅದು ಸಮ ಮಾಡುವುದು ಒಂದು ಸುತ್ತಿನ ವೇಗವನ್ನು. ಮುಂಜಾನೆ ನಾಲ್ಕಕ್ಕೆ ಗೇರ್‌ಬಾಕ್ಸ್ ಬಿಸಿಯೇರುವುದನ್ನೋ ಕೊಳವೆಯ ಜೋಡಣೆ ಸಡಿಲುವುದನ್ನೋ ಯಾವ ನಿಯಮವೂ ಸಮ ಮಾಡುವುದಿಲ್ಲ. ಇಂಥ ನಿಯಮಗಳಿಂದ ಖರ್ಚು ಹತೋಟಿಗೆ ಬಂದದ್ದರಿಂದಲೇ 2025ರಲ್ಲಿ ಈ ವರ್ಗದಲ್ಲಿ ಎಂಟು ತಯಾರಕರು ಕಣದಲ್ಲಿದ್ದರು. ಅವರಲ್ಲಿ ಆಸ್ಟನ್ ಮಾರ್ಟಿನ್ ತಂದದ್ದು ತನ್ನ ರಸ್ತೆ ಕಾರಿನಿಂದ ಹುಟ್ಟಿದ ವಾಲ್ಕಿರಿಯನ್ನು, ಹೈಬ್ರಿಡ್ಡಿಲ್ಲದ ಹನ್ನೆರಡು ಸಿಲಿಂಡರಿನ ಎಂಜಿನ್ ಸಮೇತ. ಅದೇ ವರ್ಷ ಅದರ ಫಾರ್ಮುಲಾ ಒನ್ ಕಾರಿನಲ್ಲಿದ್ದದ್ದು ಮರ್ಸಿಡಿಸ್ ಎಂಜಿನ್.

ಲೆ ಮಾನ್ಸ್‌ನಂಥ ದೀರ್ಘ ಓಟದ ಎಂಡ್ಯೂರೆನ್ಸ್ ರೇಸುಗಳನ್ನು ಬಿಟ್ಟು ಹೋಗುವವರೂ ಇದ್ದಾರಲ್ಲ ಎನ್ನಬಹುದು. ಔಡಿ 2016ರ ಕೊನೆಗೆ ಹೊರಟಿತು, ಈಗ ಫಾರ್ಮುಲಾ ಒನ್‌ನಲ್ಲಿದೆ. ಔಡಿ ಲೆ ಮಾನ್ಸ್ ಗೆದ್ದದ್ದು ಹದಿಮೂರು ಸಲ. ಅಲ್ಲಿ ಸಾಧಿಸುವುದು ಇನ್ನೇನೂ ಉಳಿದಿರಲಿಲ್ಲ ಎಂದರೆ ಒಪ್ಪಬಹುದು. ಫೆರಾರಿಯ ಮಾತು ಬೇರೆ, ಫಾರ್ಮುಲಾ ಒನ್ ಅದರ ಕುಲಕಸುಬು. ಅಂಥ ಫೆರಾರಿಯೂ 2023ರಲ್ಲಿ ಲೆ ಮಾನ್ಸ್‌ನ ಮುಂಚೂಣಿ ವರ್ಗಕ್ಕೆ ಮರಳಿ ಸತತ ಮೂರು ವರ್ಷ ಗೆದ್ದಿತು. ಮಿಕ್ಕ ಕಂಪನಿಗಳಿಗೆ ನಾನು ತೋರಿಸುವ ದಾರಿ ಟೊಯೋಟಾದ್ದು. 2024ರಲ್ಲಿ ಅದು ಹಾಸ್ ತಂಡದ ತಾಂತ್ರಿಕ ಪಾಲುದಾರನಾಗಿ ಫಾರ್ಮುಲಾ ಒನ್‌ಗೆ ಮರಳಿತು, ತನ್ನ ಎಂಜಿನ್ ಕಟ್ಟುವ ಸಾಹಸಕ್ಕೆ ಮಾತ್ರ ಕೈಹಾಕಲಿಲ್ಲ. ಹಾಸ್ ಓಡುವುದು ಫೆರಾರಿ ಎಂಜಿನ್ನಿನಿಂದ. ಟೊಯೋಟಾ ತಾನೇ ಕಟ್ಟಿದ ಎಂಜಿನ್ನು, ತನ್ನದೇ ಕಾರು ಇಂದಿಗೂ ಕಾಣುವುದು ಲೆ ಮಾನ್ಸ್‌ನಲ್ಲಿ.