ಅವರ ಪರವಾಗಿ ನಿರ್ಧರಿಸುವ ಹಕ್ಕು ಯಾರದು?

ವಿಕಲಚೇತನರ ಆರೈಕೆಗೆ ಬರುವವರಲ್ಲಿ ಹೆಚ್ಚಿನವರು ಕರುಣೆಯುಳ್ಳವರು. ಆದರೆ ಕರುಣೆಯಲ್ಲಿ ಒಂದು ಅಪಾಯವೂ ಇದೆ. "ಅವನಿಗೇನು ಗೊತ್ತಾಗುತ್ತದೆ, ನಾವೇ ನೋಡಿಕೊಳ್ಳುತ್ತೇವೆ" ಎಂಬ ಮಾತು ಪ್ರೀತಿಯಿಂದಲೇ ಹುಟ್ಟುತ್ತದೆ. ಅದೇ ಮಾತು ಒಬ್ಬ ಮನುಷ್ಯನನ್ನು ಅವನ ಬದುಕಿನಿಂದಲೇ ಹೊರಗಿಡುತ್ತದೆ.

2009ರಲ್ಲಿ ಸುಪ್ರೀಂ ಕೋರ್ಟಿನ ಮುಂದೆ ಚಂಡೀಗಢದ ಒಂದು ಪ್ರಕರಣ ಬಂದಿತ್ತು. ಬೌದ್ಧಿಕ ನ್ಯೂನತೆಯಿದ್ದ ಅನಾಥ ಯುವತಿಯೊಬ್ಬಳು ಸರಕಾರಿ ಆಶ್ರಯಧಾಮದಲ್ಲಿದ್ದಾಗ ಅತ್ಯಾಚಾರಕ್ಕೊಳಗಾಗಿ ಗರ್ಭಿಣಿಯಾಗಿದ್ದಳು. ಗರ್ಭಪಾತವೇ ಆಕೆಗೆ ಹಿತವೆಂದು ಆಡಳಿತ ವಾದಿಸಿತು, ಹೈಕೋರ್ಟ್ ಒಪ್ಪಿತು. ಆದರೆ ಆಕೆ ಮಗು ಬೇಕೆಂದಿದ್ದಳು. ಆಕೆಯ ಒಪ್ಪಿಗೆಯಿಲ್ಲದೆ ಗರ್ಭಪಾತ ಸಲ್ಲದೆಂದು ಸುಪ್ರೀಂ ಕೋರ್ಟ್ ಹೇಳಿತು. ಒಬ್ಬಳ ಮಾತಿಗೆ ಬೆಲೆ ಸಿಗಲು ದೇಶದ ಅತ್ಯುನ್ನತ ನ್ಯಾಯಾಲಯದ ತನಕ ಹೋಗಬೇಕಾಯಿತು!

ವಿಕಲಚೇತನರ ಹಕ್ಕುಗಳ ಕುರಿತ ವಿಶ್ವಸಂಸ್ಥೆಯ ಒಡಂಬಡಿಕೆಯನ್ನು ಭಾರತ 2007ರಲ್ಲೇ ಅನುಮೋದಿಸಿದೆ. ಅವರೂ ಎಲ್ಲರಂತೆ ಕಾನೂನಿನ ಮುಂದೆ ನಿರ್ಧಾರ ಕೈಗೊಳ್ಳಲು ಅರ್ಹರು, ಅದಕ್ಕೆ ಬೇಕಾದ ನೆರವನ್ನು ಸರಕಾರ ಒದಗಿಸಬೇಕು ಎನ್ನುತ್ತದೆ ಅದರ 12ನೇ ವಿಧಿ. ನಮ್ಮ 2016ರ ಕಾಯ್ದೆ ಕೂಡ, ಪೋಷಕರು ಪರಸ್ಪರ ವಿಶ್ವಾಸದಿಂದ, ಆ ವ್ಯಕ್ತಿಯ ಇಚ್ಛೆಯಂತೆ ಜೊತೆಗೂಡಿ ನಿರ್ಧರಿಸಬೇಕೆನ್ನುತ್ತದೆ.

ಆದರೆ ದಿನನಿತ್ಯ ಆ ವ್ಯಕ್ತಿಯ ಪಕ್ಕದಲ್ಲಿರುವುದು ಕಾಯ್ದೆಯಲ್ಲ, ಆರೈಕೆ ಮಾಡುವ ಸಹಾಯಕಿ ಅಥವಾ ಸಹಾಯಕ. ಊಟ ಮಾಡಿಸುವುದು, ಸ್ನಾನ ಮಾಡಿಸುವುದನ್ನು ಅವರಿಗೆ ಕಲಿಸಿದರೆ ಸಾಲದು. ಪ್ರಶ್ನೆ ಕೇಳಿದ ಮೇಲೆ ಉತ್ತರಕ್ಕೆ ಕಾಯುವುದನ್ನೂ ಕಲಿಸಬೇಕು. ಮಾತು ಬಾರದವರಿಗೆ ಚಿತ್ರವನ್ನೋ ವಸ್ತುವನ್ನೋ ತೋರಿಸಿ ಕೇಳಬೇಕು. ಮುಖ ತಿರುಗಿಸಿದರೆ ಅದು 'ಬೇಡ' ಆಗಿರಬಹುದೆಂದು ತಿಳಿಯಬೇಕು. ಎದುರಿನವರನ್ನು ಮೆಚ್ಚಿಸಲು ಎಲ್ಲದಕ್ಕೂ 'ಹೂಂ' ಎನ್ನುವವರಿದ್ದಾರೆ. ಅವರಲ್ಲಿ ಅದೇ ಪ್ರಶ್ನೆಯನ್ನು ತಿರುಗಿಸಿ ಇನ್ನೊಮ್ಮೆ ಕೇಳಬೇಕು. ಎಲ್ಲಕ್ಕಿಂತ ಕಷ್ಟವಾದುದು, ತನಗೆ ಬೇಕಾದ ಉತ್ತರವನ್ನು ಪ್ರಶ್ನೆಯೊಳಗೇ ತುರುಕದಿರುವುದು.

"ಅವರು ತಪ್ಪು ನಿರ್ಧಾರ ಮಾಡಿದರೆ?" ಎಂದು ಕೇಳುವವರಿದ್ದಾರೆ. ನ್ಯಾಯವಾದ ಪ್ರಶ್ನೆಯೇ. ಪ್ರಾಣಕ್ಕೆ ಅಪಾಯವಿರುವಾಗ ತಡೆಯಲೇಬೇಕು. ಆದರೆ ಇಷ್ಟದ ಬಟ್ಟೆಗೆ ಹಣ ಸುರಿಯುವುದು, ನಮಗೆ ಹಿಡಿಸದ ಗೆಳೆಯನನ್ನು ಹಚ್ಚಿಕೊಳ್ಳುವುದು ಅಪಾಯವೇ? ಇಂಗ್ಲೆಂಡ್ ಮತ್ತು ವೇಲ್ಸ್‌ಗಾಗಿ 2005ರಲ್ಲಿ ರೂಪಿಸಿದ ಕಾನೂನು, ಅವಿವೇಕದ ನಿರ್ಧಾರ ಮಾಡಿದರೆಂಬ ಒಂದೇ ಕಾರಣಕ್ಕೆ ಯಾರನ್ನೂ ನಿರ್ಧರಿಸಲು ಅಸಮರ್ಥರೆಂದು ಪರಿಗಣಿಸಬಾರದು ಎನ್ನುತ್ತದೆ. ಅವಿವೇಕದ ನಿರ್ಧಾರಗಳನ್ನು ನಾವೆಲ್ಲರೂ ಮಾಡುತ್ತೇವೆ. ಅದಕ್ಕಾಗಿ ನಮ್ಮ ಹಕ್ಕನ್ನು ಯಾರೂ ಕಸಿದುಕೊಳ್ಳುವುದಿಲ್ಲ. ಹಾಗಿರುವಾಗ ಅವರಿಗೆ ಮಾತ್ರ ಬೇರೆ ಅಳತೆಗೋಲು ಏಕೆ?